ಅಕ್ಕ ಇಲ್ಲದವರಿಗೆ ಮೀಸಲಾದ ಕಂಬ

ರಿಲೇ ಪರೀಕ್ಷೆಗೆ ಬೇಕಾದ, ಕೈಯಲ್ಲಿ ಹೊತ್ತೊಯ್ಯಬಹುದಾದ ಪವರ್ ಸಪ್ಲೈ ಪೆಟ್ಟಿಗೆಯನ್ನು ಎತ್ತಿ ನೋಡಿಯೇ ಆರಿಸತಕ್ಕದ್ದೆಂದು ಆಯ್ಕೆ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸ್ವಿಚ್ ಹಾಕಿ ನೋಡೋಣವೆಂದರೆ ಸಭೆಯ ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ಗು, ಅದು ಚಹಾದ ಕೆಟಲಿಗೆ ಮೀಸಲು. ಸಮಿತಿ ಎಂದಮೇಲೆ ಚಹಾ ಬಿಟ್ಟು ನಡೆಯುತ್ತದೆಯೇ?

ಟೆಸ್ಟರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲೈನಿನಲ್ಲಿ ಎಡವಟ್ಟಾದ ಕೂಡಲೇ ಕರೆಂಟು ಕಡಿಯುವ ಕಾವಲುಗಾರ ಈ ರಿಲೇ. ಇಲ್ಲಿಯವು ಅವಳ ಅಪ್ಪನ ಕಾಲದವು. ಅವಕ್ಕೆ ಹದವಾಗಿ ಕರೆಂಟು ಉಣಿಸಿ, ಒಳಗಿನ ತಟ್ಟೆ ತಿರುಗುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ. ಹಳೆಯ ಪೆಟ್ಟಿಗೆ ಸುಟ್ಟುಹೋಗಿತ್ತು. ಆ ರಿಲೇ ಕಾಯುವ ಲೈನಿನ ಕಂಬ ಹತ್ತುವವನು ಅವಳ ಒಡಹುಟ್ಟಿದ ತಮ್ಮ.

ವಿದ್ಯುತ್ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಮೊದಲ ಪೆಟ್ಟಿಗೆ ಎತ್ತಿ ಸೊಂಟ ಹಿಡಿದುಕೊಂಡರು. ಎರಡನೆಯದನ್ನು ಕಾಲಮೇಲೆ ಹಾಕಿಕೊಂಡರು. ಮೂರನೆಯದು ಕಿರುಬೆರಳಿಗೇ ಎದ್ದು ಬಂತು.

"ಪೆಟ್ಟಿಗೆ ಅಂದ್ರೆ ಇದಪ್ಪಾ," ಅಂದರು.

"ಸರ್, ಅದರೊಳಗೆ ಏನೂ ಇಲ್ಲ. ತೋರಿಸೋಕೆ ತಂದಿರೋ ಖಾಲಿ ಡಬ್ಬ," ಅಂದಳು ಟೆಸ್ಟರಮ್ಮ.

"ಹೌದು ಸರ್," ಎಂದು ಮಾರುವವನೂ ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಒಳಗಿನ ಸಾಮಾನೂ ಹಾಕಿಕೊಡ್ತೀವಿ. ಆದ್ರೆ ಭಾರ ಆಗುತ್ತೆ."

"ಬೇಡ ಬಿಡಿ," ಅಂದರು ಸಾಹೇಬರು. ನಿಯಮದಲ್ಲಿ ತೂಕಕ್ಕೆ ಮಿತಿ ಇತ್ತು, ಒಳಗೆ ಏನಾದರೂ ಇರಬೇಕೆಂದು ಇರಲಿಲ್ಲ.

ಪೆಟ್ಟಿಗೆ ಬಂತು. ಟೆಸ್ಟರಮ್ಮ ರಿಲೇಗೆ ಜೋಡಿಸಿದಳು. ತಟ್ಟೆ ಮಿಸುಕಲಿಲ್ಲ.

"ಹೊಗೆ ಬಂತಾ?" ಎಂದು ಸಾಹೇಬರು ಕೇಳಿದರು.

"ಇಲ್ಲ ಸರ್."

"ಸದ್ದು ಗಿದ್ದು?"

"ಇಲ್ಲ."

"ಮತ್ತಿನ್ನೇನು, ಪಾಸು ಅಂತ ಬರೀರಿ."

"ಬರೆಯಲ್ಲ ಸರ್. ಆ ಕಂಬ ಹತ್ತೋನು ನನ್ನ ತಮ್ಮ. ರಿಲೇ ಕೈಕೊಟ್ರೆ ಮೇಲೇ ಕರಕಲಾಗ್ತಾನೆ."

ಸಾಹೇಬರದು ಕಲ್ಲೆದೆಯಲ್ಲ. ಸಂಜೆಗೇ ಆದೇಶ ಹೊರಬಿತ್ತು: "ಮಾನವೀಯ ನೆಲೆಯಲ್ಲಿ, ಸದರಿ ಲೈನಿನ ಕಂಬಗಳನ್ನು ಇನ್ನು ಮುಂದೆ ಈ ಕಚೇರಿಯಲ್ಲಿ ಅಕ್ಕ ಇಲ್ಲದ ನೌಕರರು ಮಾತ್ರ ಹತ್ತತಕ್ಕದ್ದು. ಅಂಥವರು ದೊರೆಯದಿದ್ದಲ್ಲಿ ಮುಖ್ಯಸ್ಥರೇ ಹತ್ತತಕ್ಕದ್ದು." ಕೊನೆಯ ಸಾಲು ಎಲ್ಲ ಆದೇಶಗಳಲ್ಲೂ ಇರುವಂಥದ್ದು, ಅದನ್ನು ಯಾರೂ ಓದುವುದಿಲ್ಲ.

ತಮ್ಮ ಬಚಾವಾದ. ಆದರೆ ಅವನ ಬದಲು ಹತ್ತಬೇಕಾದವನು ಡುಮ್ಮ, ದಿನಾ ಟೆಸ್ಟರಮ್ಮನ ಊಟದ ಡಬ್ಬಿಗೆ ಕೈಹಾಕುವವನು. ಅವನ ಮುಖ ನೋಡಿ ಅವಳು ಅವನನ್ನು ಹತ್ತಿರ ಕರೆದಳು.

"ಲೋ, ನನ್ನನ್ನ ಅಕ್ಕ ಅನ್ನು."

"ಯಾಕೆ?"

"ಬದುಕೋ ಆಸೆ ಇದ್ರೆ ಅನ್ನು."

"ಅಕ್ಕಾ," ಅಂದ ಡುಮ್ಮ. ಮರುದಿನ ಲೈನ್‌ಮನ್‌ಗಳೆಲ್ಲ ಸಾಲಾಗಿ ನಿಂತು ಅಂದರು. ಗುಮಾಸ್ತ 'ಸಂಬಂಧ ಪರಿಶೀಲಿಸಲಾಗಿದೆ' ಎಂದು ಮೊಹರು ಒತ್ತಿ, ಕೊನೆಗೆ ತಾನೂ ಒಮ್ಮೆ ಅಂದುಬಿಟ್ಟ.

ಅದೇ ವಾರ ಗಾಳಿಗೆ ಕೊಂಬೆ ಬಿದ್ದು ಲೈನು ಹರಿದು ನೆಲಕ್ಕೆ ಬಿತ್ತು. ಸಾಹೇಬರೇ ಪಾಸು ಅಂತ ಬರೆದಿದ್ದ ರಿಲೇ ಎಂದಿನಂತೆ ಶಾಂತವಾಗಿತ್ತು. ಟೆಸ್ಟರಮ್ಮ ಓಡಿಹೋಗಿ ಕೈಯಿಂದಲೇ ಸ್ವಿಚ್ಚು ಎಳೆದು ಕರೆಂಟು ಕಡಿದಳು. ಇನ್ನು ಕಂಬ ಹತ್ತುವವರು ಬೇಕು, ಅಕ್ಕ ಇಲ್ಲದವರು ಒಬ್ಬರೂ ಉಳಿದಿಲ್ಲ. ಗುಮಾಸ್ತ ಸಾಹೇಬರ ಕೋಣೆಯ ಗೋಡೆಗೆ ಏಣಿ ಒರಗಿಸಿ, ಮೇಜಿನ ಮೇಲೆ ರಬ್ಬರ್ ಗ್ಲೌಸು ಇಟ್ಟ.

"ಸರ್, ಕೊನೆಯ ಸಾಲು."

ಸಾಹೇಬರು ಮೊದಲ ಸಲ ಅದನ್ನು ಓದಿದರು. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವರು ಎದ್ದು ಬಂದು, ಮಗಳ ವಯಸ್ಸಿನ ಟೆಸ್ಟರಮ್ಮನ ಮುಂದೆ ಕೈಕಟ್ಟಿ ನಿಂತರು.

"ಅಕ್ಕಾ," ಅಂದರು.

"ಏನಪ್ಪಾ? ಒಳಗೆ ಸಾಮಾನಿರೋ ಪೆಟ್ಟಿಗೆ ಕೊಡಿಸ್ತೀಯಾ?"

"ಅದು ಭಾರ ಅಲ್ವಾ ಅಕ್ಕಾ."

ಲೈನು ಈಗಲೂ ನೆಲದ ಮೇಲಿದೆ. ಊರಿಗೆ ಕರೆಂಟಿಲ್ಲ, ಅಪಘಾತವೂ ಇಲ್ಲ. ಸುರಕ್ಷತೆಗಾಗಿ ಕಚೇರಿಗೆ ಪ್ರಶಸ್ತಿ ಬಂದಿದೆ. ದೂರು ಕೊಡಲು ಬಂದವರು ಕೌಂಟರಿನ ಮುಂದೆ ನಿಂತು ಮೊದಲು "ಅಕ್ಕಾ" ಅನ್ನುತ್ತಾರೆ. ಅನ್ನದಿದ್ದರೆ ಏಣಿ ಕೊಡುತ್ತಾರೆಂದು ಈಗ ಊರಿಗೆಲ್ಲ ಗೊತ್ತು.