ಸಾವಿನ ಪಾತ್ರಕ್ಕೆ ಜನ ಬೇಕಾಗಿದ್ದಾರೆ

ಸಾವು ಬೇಕೆಂದು ಊರಿಗೆಲ್ಲ ಫೋನ್ ಮಾಡಿದ ಹೃದಯದ ಡಾಕ್ಟರು ಜಗತ್ತಿನಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಮನೆಯ ಹಿಂಬದಿಯ ಮನೆಯಲ್ಲೇ ಇದ್ದರು! ತೊಂಬತ್ತರ ದಶಕದ ಮಾತು. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಎಲ್ಲರಿಗೂ ಅವರು ಡಾಕ್ಟರ್ ಅಂಕಲ್. ಮಂಗಳೂರಿನ ಕ್ಯಾಥೊಲಿಕರು.

ಮೆಕ್ಸಿಕೋದ ಪೇಷಂಟುಗಳ ಜೊತೆ ಮಾತಾಡಲೆಂದು ಕಾರಿನಲ್ಲಿ ಕ್ಯಾಸೆಟ್ ಹಾಕಿಕೊಂಡು ಸ್ಪ್ಯಾನಿಷ್ ಕಲಿಯಹೊರಟವರು, ದಾರಿ ತಪ್ಪಿ ನಾಲ್ಕು ನೂರು ವರ್ಷ ಹಳೆಯ ಸ್ಪ್ಯಾನಿಷ್ ಪುಸ್ತಕಗಳಲ್ಲಿ ಬಿದ್ದರು. ಆ ಭಾಷೆಯಲ್ಲೇ ಒಬ್ಬ ಅಜ್ಜಿಯನ್ನು ಎದೆನೋವಿನ ಬಗ್ಗೆ ವಿಚಾರಿಸಿದರಂತೆ. ಅಜ್ಜಿ ಇವರನ್ನು ಪಾದ್ರಿ ಎಂದುಕೊಂಡು ಹರೆಯದಲ್ಲಿ ಮಾಡಿದ ಪಾಪಗಳನ್ನೆಲ್ಲ ಒಪ್ಪಿಸಿಬಿಟ್ಟರಂತೆ. ಬಿಪಿ ಇಳಿಯಿತು ಎಂಬುದು ಅಂಕಲ್ ಕೊಟ್ಟ ವರದಿ.

ಆ ಪುಸ್ತಕಗಳಲ್ಲಿ ಪಾದ್ರಿಗಳ ಗ್ರಹಚಾರ ನೆಟ್ಟಗಿರಲಿಲ್ಲ. ಗಡದ್ದಾಗಿ ಉಂಡು ಊರಿಗೆ ಉಪವಾಸ ಬೋಧಿಸುವವರು, ಸ್ವರ್ಗದ ಬಾಗಿಲಲ್ಲೂ ಊಟದ ವೇಳೆ ಕೇಳುವವರು! ಬರೆದವರೋ ಪರಮ ದೈವಭಕ್ತರು. ಅಂಕಲ್ ವಾರವಿಡೀ ಓದಿ ಹೊಟ್ಟೆ ಹಿಡಿದು ನಕ್ಕು, ಭಾನುವಾರ ಇಗರ್ಜಿಗೆ ಹೋಗಿ ಮೊಣಕಾಲೂರುತ್ತಿದ್ದರು. ನನಗೆ ಕುತೂಹಲ ತಡೆಯಲಾಗಲಿಲ್ಲ. ಇದ್ಯಾವ ಸೀಮೆಯ ಭಕ್ತಿ ಎಂದು ಕೇಳಿಯೇಬಿಟ್ಟೆ.

"ಗೇಲಿ ಮಾಡುವುದು ಮನೆಯವರನ್ನೇ ಅಲ್ವಾ ಮಾರಾಯ್ತಿ? ಪಕ್ಕದ ಮನೆಯವರನ್ನು ಮಾಡಿದ್ರೆ ಪೊಲೀಸ್ ಬರ್ತಾರೆ," ಎಂದರು.

ಆದರೆ ಆ ಮನೆಯಲ್ಲಿ ನಗುತ್ತಿದ್ದವರು ಅವರೊಬ್ಬರೇ. ಒಬ್ಬಳೇ ಮಗಳು ಎಳೆ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಆಂಟಿ ದೇವರ ಜೊತೆ ಮಾತು ಬಿಟ್ಟಿದ್ದರು. ಪ್ರತಿ ಭಾನುವಾರ ಗಂಡನ ಜೊತೆ ಇಗರ್ಜಿಯವರೆಗೆ ಬರುವರು, ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೇ ಕೂತಿರುವರು. ಬೈಯಲಿ, ಜಗಳವಾಡಲಿ, ದೇವರ ಜೊತೆ ಒಂದು ಮಾತಾಡಿದರೆ ಸಾಕು ಎಂಬುದೇ ಅಂಕಲ್‌ಗೆ ಇದ್ದ ಆಸೆ. ಅದನ್ನು ನೆನೆದರೆ ನನಗೂ ಸಂಕಟವಾಗುತ್ತಿತ್ತು.

ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅವರೇ ನಾಟಕ ಬರೆದರು. ಹಳೆಯ ಸ್ಪೇನಿನ ಬೀದಿಗಳಲ್ಲಿ ಹಬ್ಬದ ದಿನ ಹಸಿವು, ಜಂಬ, ಲೋಕ, ಆತ್ಮ ಎಲ್ಲವೂ ಮನುಷ್ಯರಾಗಿ ರಂಗಕ್ಕೆ ಬರುತ್ತಿದ್ದವಂತೆ. ನಮ್ಮ ಯಕ್ಷಗಾನದಲ್ಲಿ ರಕ್ಕಸರು ಬರುವುದಿಲ್ಲವೇ, ಹಾಗೆ! ಹಸಿವಿನ ಪಾತ್ರ ಊಟದ ಕಮಿಟಿಯ ಅಧ್ಯಕ್ಷರಿಗೆ ಹೋಯಿತು. ಇಲ್ಲದ ಹಿತ್ತಲನ್ನೂ ಇದೆಯೆಂದು ನಂಬಿಸುವ ರಿಯಲ್ ಎಸ್ಟೇಟ್ ಏಜೆಂಟರು ಲೋಕವಾದರು. ಜಂಬದ ಪಾತ್ರವನ್ನು ತನಗಿಂತ ಚೆನ್ನಾಗಿ ಯಾರು ಮಾಡಬಲ್ಲರು ಎಂದು ಮೂವರು ಹೊಡೆದಾಡಿದರು. ಆತ್ಮ ನನ್ನ ಪುಟ್ಟ ಮಗಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ ಎಂದರೆ, ಆತ್ಮಕ್ಕೆ ಡೈಲಾಗ್ ಇಲ್ಲ ಎಂದರು ಅಂಕಲ್. ಪರದೆಯ ಹಿಂದಿನ ದೇವರ ದನಿಯನ್ನು ತಾವೇ ಇಟ್ಟುಕೊಂಡರು. ದೊಡ್ಡ ಡಾಕ್ಟರುಗಳಿಗೆ ಅದು ಅಭ್ಯಾಸವಾದ ಪಾತ್ರವೇ ತಾನೇ?

ಎಲ್ಲರನ್ನೂ ಕೈಹಿಡಿದು ದೇವರ ಬಾಗಿಲಿಗೆ ಕರೆತರುವ ಸಾವಿಗೆ ಮಾತ್ರ ಯಾರೂ ಸಿಗಲಿಲ್ಲ. ಒಬ್ಬರಿಗೆ ಅಪಶಕುನ, ಇನ್ನೊಬ್ಬರಿಗೆ ಅವತ್ತೇ ಷಾರ್ಲಟ್‌ನಲ್ಲಿ ಮದುವೆ. ನೀವೇ ಮಾಡಿ ಅಂದರೆ, ತಮ್ಮ ಪೇಷಂಟುಗಳೂ ನಾಟಕಕ್ಕೆ ಬರುತ್ತಾರೆ ಎಂದು ಅಂಕಲ್ ಹೌಹಾರಿದರು.

ಅವರ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ಕಾಫಿ ತಂದಿಟ್ಟ ಆಂಟಿ, ಸಾವಿನ ಮಾತುಗಳಿದ್ದ ಹಾಳೆಯನ್ನು ಎತ್ತಿಕೊಂಡರು.

"ನಾನು ಮಾಡ್ತೇನೆ. ಅದು ಮನೆಗೆ ಬಂದದ್ದನ್ನು ನಾನು ನೋಡಿದ್ದೇನೆ," ಎಂದರು.

ನಾಟಕದ ದಿನ ಸ್ಕೂಲ್ ಆಡಿಟೋರಿಯಂ ತುಂಬಿತ್ತು. ಜಂಬ ಮಾತು ಮರೆತು ಮೆರೆಯಿತು, ಹಸಿವು ತೇಗಿತು, ಜನ ಬಿದ್ದು ಬಿದ್ದು ನಕ್ಕರು. ಸಾವು ಒಬ್ಬೊಬ್ಬರನ್ನೇ ಪರದೆಯವರೆಗೆ ಬಿಟ್ಟುಬಂತು. ಕೊನೆಗೆ ನನ್ನ ಮಗಳ ಸರದಿ. ಆಂಟಿ ಅವಳ ಕೈ ಹಿಡಿದರು, ಕೆದರಿದ ಕೂದಲು ಸರಿಮಾಡಿದರು. ಪರದೆಯ ಮುಂದೆ ಬಂದವರು ಹಾಳೆಯಲ್ಲಿದ್ದ ಮಾತು ಹೇಳಲಿಲ್ಲ.

"ದೇವಾ, ಇವಳಿಗೆ ಕತ್ತಲೆ ಅಂದ್ರೆ ಹೆದರಿಕೆ. ಲೈಟ್ ಆಫ್ ಮಾಡ್ಬೇಡ."

ದೇವರು ಎಂಟು ಪದ್ಯಗಳ ಉತ್ತರವನ್ನು ಬಾಯಿಪಾಠ ಮಾಡಿದ್ದರು. ಒಂದೂ ಬರಲಿಲ್ಲ. ಪರದೆಯ ಹಿಂದಿನಿಂದ ಒಡೆದ ದನಿ ಕೇಳಿಸಿತು.

"ಇಲ್ಲ. ಮಾಡುವುದಿಲ್ಲ."