ಗುರೂಜಿಯ ತೋಳಿನ ಸಾಕ್ಷಿ

ಅಕ್ಕಲಕೋಟೆಯ ಪೀರಪ್ಪ ಗುರೂಜಿಗೆ ಹಾವೆಂದರೆ ಹೆದರಿಕೆಯಿಲ್ಲ, ಇನ್ಸ್‌ಪೆಕ್ಟರ್ ಎಂದರೂ ಇಲ್ಲ. ಸೂಜಿ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ೧೯೫೩ರ ಮಳೆಗಾಲದ ಒಂದು ಬೆಳಿಗ್ಗೆ, ಅವರು ಕಲಿಸುತ್ತಿದ್ದ ಕಂದಲಗಾಂವದ ಶಾಲೆಗೆ ಜವಾನ ಸುದ್ದಿ ತಂದ. ಮಧ್ಯಾಹ್ನ ಸೊಲ್ಲಾಪುರದ ಡಾಕ್ಟರರು ಕಾಲರಾ ಸೂಜಿ ಚುಚ್ಚಲು ಬರುತ್ತಾರೆ. ಮೊದಲು ಗುರೂಜಿಗೆ, ಆಮೇಲೆ ಮಕ್ಕಳಿಗೆ.

ಗುರೂಜಿಯ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು. ಮಕ್ಕಳೇ ಬೇಡವೆಂದು ಹಟ ಹಿಡಿದರೆ ತಾವೂ ಬಚಾವು ಎಂದು ಹೊಳೆಯಿತು. ಏಳನೆಯ ಇಯತ್ತೆಯ ಮಕ್ಕಳಿಗೆ ಅವರು ಆಗ ಕಲಿಸುತ್ತಿದ್ದುದೇ ಸುದ್ದಿಯ ಮೂಲ ಹುಡುಕಿ ತೂಗಿ ನೋಡುವ ಪಾಠ. ಅದನ್ನೇ ನೆಪ ಮಾಡಿಕೊಂಡು ಹೇಳಿದರು:

"ಸೂಜಿ ಬಗ್ಗೆ ಊರಾಗ ಯಾರ್‍ಯಾರು ಏನಂತಾರ, ಕೇಳಿಕೊಂಡು ಬರ್ರಿ. ಹೇಳಿದವರು ಕಣ್ಣಾರೆ ಕಂಡಾರೇನು? ಹಂಗ ಹೇಳಿದ್ರ ಅವರಿಗೇನು ಫಾಯದೆ, ಏನು ಲಾಭ? ಗುರುತು ಏನೈತಿ? ಇಷ್ಟೂ ಕೇಳ್ರಿ."

ಹೆದರಿಕೆಯ ಕತೆಗಳು ಬುಟ್ಟಿಗಟ್ಟಲೆ ಬರುತ್ತವೆಂದು ಅವರ ಆಸೆ. ಬಂದವು ಕೂಡ. ಆದರೆ ಕುರಿ ಸಾಕುವ ಖಂಡಪ್ಪನ ಮಗಳು ಬೀರವ್ವ ಎದ್ದು ನಿಂತು ಒಂದೊಂದನ್ನೇ ಜಾಡಿಸಿ ಒಗೆದಳು.

"ನಮ್ಮ ಓಣಿ ಮುದುಕಿ ಗುರುಬಾಯಿ ಆಯಿ, ಸೂಜಿ ಚುಚ್ಚಿಸಿಕೊಂಡಾಕಿ ಒಬ್ಬಾಕಿ ಸತ್ಲು ಅಂದ್ಲು. ಯಾರು ಅಂದ್ರ ಹೆಸರ ಗೊತ್ತಿಲ್ಲ. ಬಂಡೆಪ್ಪ, ಕೈ ಬಿದ್ದು ಹೋಗ್ತೈತಿ ಅಂದ. ಅವ ತಾಯತ ಮಾರಾಂವ! ಎಲ್ಲಾ ಖೊಟ್ಟಿ ಸುದ್ದಿ, ಗುರೂಜಿ. ನಾವು ಚುಚ್ಚಿಸ್ಕೋತೀವಿ!"

ತಮ್ಮ ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ್ದನ್ನು ಕಂಡು ಗುರೂಜಿಗೆ ಅಳು ಬಂತು. ಮಕ್ಕಳು ಅದನ್ನು ಮೆಚ್ಚುಗೆ ಎಂದುಕೊಂಡರು.

ಮಧ್ಯಾಹ್ನ ಡಾಕ್ಟರರು ಬಂದೇಬಿಟ್ಟರು. ಕುದಿಯುವ ನೀರಿನಿಂದ ಎತ್ತಿದ ಸೂಜಿ ಗುರೂಜಿಯ ಕಣ್ಣಿಗೆ ದಬ್ಬಣದಷ್ಟು ಕಂಡಿತು. ಅವರು ಡಾಕ್ಟರರನ್ನು ಪಕ್ಕದ ಕೋಣೆಗೆ ಎಳೆದೊಯ್ದು ಕಾಲಿಗೇ ಬಿದ್ದರು.

"ಸಾಹೇಬ್ರ, ನನ್ನ ಜೀವಾ ಹೋಗ್ತೈತ್ರಿ. ಚುಚ್ಚಿದಂಗ ಮಾಡಿ ಬಿಟ್ಟಬಿಡ್ರಿ!"

ಡಾಕ್ಟರರದು ಮೆತ್ತನೆಯ ಮನಸ್ಸು. "ಆತು. ಹುಡುಗರಿಗೆ ಮಾತ್ರ ಧೈರ್ಯಾ ಹೇಳ್ರಿ" ಎಂದರು.

ಗುರೂಜಿ ತೋಳು ಉಜ್ಜಿಕೊಳ್ಳುತ್ತ ಹೊರಬಂದರು. "ಏನೂ ಆಗಂಗಿಲ್ಲ! ಇರಿವಿ ಕಡದಂಗ, ಅಷ್ಟ!"

ಬೀರವ್ವ ಹತ್ತಿರ ಬಂದಳು. "ನಿಮಗ ಸರಕಾರದ ಪಗಾರ ಐತ್ರಿ. ಹಂಗ ಹೇಳೂದ ನಿಮಗ ಫಾಯದೆ. ಚುಚ್ಚಿದ್ದು ನಾವ್ಯಾರೂ ಕಂಡಿಲ್ಲ. ಗುರುತು ತೋರಸ್ರಿ."

ತೋಳು ನುಣ್ಣಗಿತ್ತು. ಕಲೆಯಿಲ್ಲ, ರಕ್ತವಿಲ್ಲ. ಇಡೀ ತರಗತಿ ಡಾಕ್ಟರರತ್ತ ತಿರುಗಿತು. ಅವರು ನಾಚಿಕೊಂಡು ಸೂಜಿಗೆ ಔಷಧ ತುಂಬಿದರು. ಎಲ್ಲರಿಗೂ ಕಾಣಲೆಂದು ಇಬ್ಬರು ದೊಡ್ಡ ಹುಡುಗರು ಗುರೂಜಿಯ ತೋಳನ್ನು ಎತ್ತಿ ಹಿಡಿದರು.

ಗುರೂಜಿ ಚೀರಿದ ಚೀರಿಗೆ ಮಾಳಿಗೆಯ ಪಾರಿವಾಳಗಳೆಲ್ಲ ಹಾರಿಹೋದವು. ಅವರು ಕಣ್ಣು ಬಿಟ್ಟಾಗ ತರಗತಿ ಖಾಲಿಯಾಗಿತ್ತು. ಕಿಟಕಿಯಾಚೆ ಬೀರವ್ವ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. "ಈಗ ಕಣ್ಣಾರೆ ಕಂಡೀವಿ! ಓಡ್ರಿ!"

ಡಾಕ್ಟರರು ಗುರೂಜಿಯ ಬೆನ್ನು ಸವರಿದರು. "ಅಳಬ್ಯಾಡ್ರಿ. ಮುಂದಿನ ವಾರ ನಿಮಗ ಎರಡನೇ ಸೂಜಿ ಐತಲ್ಲ, ಅವತ್ತ ಊರ ಮಂದೀನೆಲ್ಲಾ ಕೂಡಿಸೋಣು. ನೀವು ನಕ್ಕೋತ ಚುಚ್ಚಿಸ್ಕೋರಿ."