ಸಂಜೆಗೊಮ್ಮೆ ಕಣ್ಣು ಬಿಡುವ ಕ್ಯಾಮೆರಾ

ನನ್ನ ಹೆಂಡತಿ ನಾನಿಲ್ಲದೆ ಪರಮ ಸುಖವಾಗಿದ್ದಾಳೆ ಎಂಬ ಘೋರ ಸತ್ಯವನ್ನು ನನಗೆ ತಿಳಿಸಿದ್ದು ನಾನೇ ತಯಾರಿಸಿದ ಕ್ಯಾಮೆರಾ.

ಕ್ಯಾಮೆರಾದ ಕಣ್ಣಿನೊಳಗೇ ಮಿದುಳು ಕೂರಿಸುವುದು ನನ್ನ ಕಸುಬು. ಉಳಿದ ಕ್ಯಾಮೆರಾಗಳು ಕಂಡದ್ದನ್ನೆಲ್ಲ ಹೊರಗೆ ಸಾಗಿಸಿ ಬ್ಯಾಟರಿ ತಿಂದುಹಾಕುತ್ತವೆ. ನನ್ನದು ಕಂಡಲ್ಲೇ ಯೋಚಿಸಿ, ಚಿತ್ರವನ್ನು ಅಲ್ಲೇ ಮರೆತು, ಎರಡು ಮಾತು ಮಾತ್ರ ಕಳಿಸುತ್ತದೆ. (ಅತ್ತೆಯವರಿಗೂ ಇಂಥದೊಂದು ಕೂರಿಸಬೇಕೆಂಬ ಆಸೆ ನನಗಿದೆ.)

ಹೆಂಡತಿ ಸೇತುವೆ ಕಟ್ಟುವ ಇಂಜಿನಿಯರು. ದೂರದ ಊರಿನ ಕೆಲಸಕ್ಕೆ ಹೊರಟಾಗ ಅವಳ ಪೆಟ್ಟಿಗೆಯಲ್ಲಿ ಇದನ್ನೂ ಇಟ್ಟೆ. ದಿನಾ ಸಂಜೆ ಒಮ್ಮೆ ಕಣ್ಣು ಬಿಟ್ಟು, ನನ್ನ ಫೋನಿಗೆ ಸುದ್ದಿ ಕಳಿಸಿ, ಮತ್ತೆ ನಿದ್ದೆ ಹೋಗುತ್ತದೆ. ಮೊದಲ ಸುದ್ದಿ ಬಂತು: "ಒಬ್ಬರು. ನಗುತ್ತಿದ್ದಾರೆ." ಹಿಗ್ಗಿದೆ. ಮರುದಿನವೂ ಅದೇ. ತಿಂಗಳಾದರೂ ಅದೇ! ಇಲ್ಲಿ ನಾನು ಒಂಟಿ ತಟ್ಟೆ ತೊಳೆಯುತ್ತ, ಮಂಚದ ಅವಳ ಬದಿಗೆ ಕೈಚಾಚಿದರೆ ಬರೀ ದಿಂಬು ಸಿಕ್ಕಿ ಕಂಗಾಲಾಗಿರುವಾಗ, ಅಲ್ಲಿ ಈಕೆಗೆ ನಗುವೋ ನಗು.

ಫೋನಿನಲ್ಲಿ ಕೇಳಿಯೇಬಿಟ್ಟೆ. "ಏನೇ, ಅಷ್ಟೊಂದು ಖುಷಿನಾ ನಿಂಗೆ?"

"ಯಾರು ಹೇಳಿದ್ದು?"

"ಕ್ಯಾಮೆರಾ."

"ಹಾಗಿದ್ರೆ ಸರಿಯಾಗೇ ಹೇಳಿರತ್ತೆ ಬಿಡಿ. ನಿಮ್ಮದಲ್ವಾ!"

"ಒಂದ್ಸಲ ಮುಖ ತೋರಿಸೇ. ವಿಡಿಯೋ ಕಾಲ್ ಮಾಡ್ತೀನಿ."

"ಅಯ್ಯೋ, ಬ್ಯಾಟರಿ ದಂಡ ಅಂತ ಭಾಷಣ ಬಿಗೀತಿದ್ದಿದ್ದು ನೀವೇ ತಾನೆ?"

ಅವಳ ಮುಖ ನೋಡದೆ ಜೀವ ಒಣಗಿತ್ತು. ರಜೆ ಹಾಕಿ, ಹೇಳದೆ ಕೇಳದೆ ಹೊರಟೇಬಿಟ್ಟೆ.

ಬಾಗಿಲು ತೆಗೆದವಳು ಸೊರಗಿದ್ದಳು. ಮೂಗಿನ ಮೇಲೆ ಸಿಮೆಂಟಿತ್ತು, ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಒಳಗೆ ಮೇಜಿನ ಮೇಲೆ ಕ್ಯಾಮೆರಾ. ಅದರ ಎದುರಿಗೆ, ಮದುವೆಯ ಹೊಸದರಲ್ಲಿ ತೆಗೆಸಿದ ನನ್ನ ಫೋಟೋ ಹಲ್ಲು ಕಿರಿಯುತ್ತಿತ್ತು.

ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮೇಲೆಯೇ!

"ಈ ಕ್ಯಾಮೆರಾ ನನ್ನ ದುರುಗುಟ್ಟಿ ನೋಡ್ತಿತ್ತು. ಅದಕ್ಕೇ ಆ ಕಡೆ ತಿರುಗಿಸಿದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಸಂಜೆ ಹೊತ್ತು ನಾನೂ ಆ ಫೋಟೋನೇ ನೋಡ್ತಾ ಕೂತಿರ್ತೀನಿ. ಅಳು ಬರತ್ತೆ. ಅದನ್ನ ಈ ಕ್ಯಾಮೆರಾ ನಿಮಗೆ ಊದಿಬಿಟ್ರೆ?"

ನಾನು ಪೆಚ್ಚಾಗಿ ಫೋಟೋದ ಪಕ್ಕ ನಿಂತೆ. ಕ್ಯಾಮೆರಾ ಕಣ್ಣು ಬಿಡುವ ಹೊತ್ತು ಅದೇ ಆಗಿತ್ತು. ಜೇಬಿನ ಫೋನು ಗುಂಯ್ ಎಂದಿತು. ಅವಳು ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದಳು: "ಇಬ್ಬರು. ಒಬ್ಬರು ಮಾತ್ರ ನಗುತ್ತಿದ್ದಾರೆ."

ಓದಿ, ಬಿದ್ದು ಬಿದ್ದು ನಕ್ಕಳು. ಅಷ್ಟು ದೂರದಿಂದ ನಾನು ನೋಡಲು ಬಂದ ನಗು ಅದು. ಅವಳು ಕ್ಯಾಮೆರಾದ ಹಿಂದೆ ನಿಂತಿದ್ದಳು, ಅದಕ್ಕೆ ಕಾಣಲಿಲ್ಲ.